ಕಲ್ಲಾದ ಯಜಮಾನನೂ ಗುಲಗಂಜಿ ಗಡಿಗೆಗಳೂ

ಬಹಳ ಬಹಳ ಹಿಂದೆ, ಹಕ್ಕಿಗೂ ಮೊಸಳೆಗೂ ಮನುಷ್ಯರ ಮಾತು ಬರುತ್ತಿದ್ದ ಕಾಲಕ್ಕೆ, ಒಂದು ರಾಜ್ಯ ಇತ್ತು. ಆ ರಾಜ್ಯದ ನಡುವೆ ಒಂದು ದೊಡ್ಡ ಹೊಳೆ. ಹೊಳೆಯ ದಡದಲ್ಲಿ ತೆಪ್ಪದಹಾಳು ಅಂತ ಒಂದು ಊರು. ಆ ಊರಲ್ಲಿ ಹರಿಗೋಲು ಹಾಕುವವರಿದ್ದರು, ಗಾಣ ತಿರುಗಿಸುವವರಿದ್ದರು, ಗಡಿಗೆ ಮಾಡುವವರಿದ್ದರು. ಏನೂ ಮಾಡದೆ ಕಟ್ಟೆ ಮೇಲೆ ಕೂತು ಎಲ್ಲರ ಕೆಲಸದಲ್ಲೂ ಕೊಂಕು ತೆಗೆಯುವವರೂ ಇದ್ದರು. ಊರು ಅಂದ ಮೇಲೆ ಎಲ್ಲರೂ ಇರಬೇಕಲ್ಲ.

ಆ ಊರಿಗೊಬ್ಬ ಯಜಮಾನ. ಅವನು ಅರಸ ಕಳಿಸಿದವನಲ್ಲ, ಅಪ್ಪನ ಜಾಗಕ್ಕೆ ಬಂದು ಕೂತವನೂ ಅಲ್ಲ. ಊರಿನವರೇ ಆರಿಸಿದವನು. ಹೇಗೆ ಆರಿಸುತ್ತಿದ್ದರು ಅಂತೀರಿ? ಯಜಮಾನಿಕೆಗೆ ಎಷ್ಟು ಜನ ನಿಂತರೆ ಅಷ್ಟು ಗಡಿಗೆ. ಒಂದರ ಮೇಲೆ ಹರಿಗೋಲಿನ ಗುರುತು, ಇನ್ನೊಂದರ ಮೇಲೆ ಗಾಣದ ಗುರುತು, ಹೀಗೆ. ಗಡಿಗೆಗಳನ್ನು ಒಂದು ಗುಡಿಸಲಲ್ಲಿ ಸಾಲಾಗಿಟ್ಟು ಬಾಯಿಗೆ ಬಟ್ಟೆ ಹೊದಿಸುತ್ತಿದ್ದರು. ಊರಿನ ಪ್ರತಿ ಹೆಂಗಸಿಗೂ ಪ್ರತಿ ಗಂಡಸಿಗೂ ಒಂದೊಂದು ಗುಲಗಂಜಿ. ಅಕ್ಕಸಾಲಿಗರು ಚಿನ್ನ ತೂಗುತ್ತಾರಲ್ಲ, ಅದೇ ಕೆಂಪು ಕಾಳು. ಉಳ್ಳವನ ಕೈಲಿದ್ದರೂ ಇಲ್ಲದವನ ಕೈಲಿದ್ದರೂ ಅದರ ತೂಕ ಒಂದೇ. ಆ ಕಾಳನ್ನು ಮುಷ್ಟಿಯಲ್ಲಿ ಹಿಡಿದು ಒಬ್ಬೊಬ್ಬರೇ ಒಳಗೆ ಹೋಗಬೇಕು. ಮುಷ್ಟಿಯನ್ನು ಎಲ್ಲ ಗಡಿಗೆಗೂ ಇಳಿಸಬೇಕು, ಒಂದರಲ್ಲಿ ಮಾತ್ರ ಬಿಚ್ಚಬೇಕು. ಯಾವುದರಲ್ಲಿ ಬಿಚ್ಚಿತು ಅನ್ನೋದು ಗಡಿಗೆ ಕಾಯುತ್ತ ಕೂತ ಮುದುಕಿಗೂ ತಿಳಿಯಬಾರದು. ಕಟ್ಟಿಕೊಂಡ ಗಂಡನಿಗೂ ತಿಳಿಯಬಾರದು.

ಹೀಗಿರುವಾಗ ಆ ರಾಜ್ಯಕ್ಕೆ ಬೂದಿಯರಸ ಬಂದ.

ಅವನು ದೊಡ್ಡ ಮಾಂತ್ರಿಕ. ಅವನ ಅರಮನೆಯಲ್ಲಿ ಒಂದು ಒಲೆ ಹಗಲೂ ರಾತ್ರಿ ಉರಿಯುತ್ತಿತ್ತು. ಆ ಒಲೆಯ ಬೂದಿ ಒಂದು ಚಿಟಿಕೆ ತಲೆ ಮೇಲೆ ಬಿದ್ದರೆ ಸಾಕು, ಆ ಮನುಷ್ಯನಿಗೆ ತನ್ನದು ಅನ್ನುವ ಬಯಕೆಯೇ ಉಳಿಯುತ್ತಿರಲಿಲ್ಲ. ಅನ್ನ ಬೇಕೋ ಮುದ್ದೆ ಬೇಕೋ ಅಂದರೂ "ಅರಸರು ಹೇಳಿದ ಹಾಗೆ" ಅನ್ನುತ್ತಿದ್ದ. ಎಲ್ಲರಿಗೂ ಎರಚುವಷ್ಟು ಬೂದಿ ಅವನ ಹತ್ತಿರ ಇರಲಿಲ್ಲ. ಇರುವ ಅಗತ್ಯವೂ ಇರಲಿಲ್ಲ. ನಾಲ್ಕು ಜನರಿಗೆ ಎರಚಿದ್ದನ್ನು ನೋಡಿ ನಾನೂರು ಜನ ತಾವೇ ಬಾಯಿ ಕಟ್ಟಿಕೊಂಡರು.

ಅವನು ತೆಪ್ಪದಹಾಳಿಗೆ ಬಂದಾಗ ಹಾಲಪ್ಪ ಅನ್ನುವವನು ಯಜಮಾನ. ಹರಿಗೋಲಿನವನು. ಅಂದು ಅವನು ಹೊಳೆಯ ಮೆಟ್ಟಿಲ ಮೇಲೆ ನಿಂತು ಮಗಳಿಗೆ ಹುಟ್ಟು ಹಿಡಿಯುವುದನ್ನು ಕಲಿಸುತ್ತಿದ್ದ. ಮಗಳ ಹೆಸರು ಬೊಮ್ಮಕ್ಕ, ಇನ್ನೂ ಲಂಗ ಉಡುವ ವಯಸ್ಸು.

"ನಿನ್ನನ್ನು ಯಜಮಾನ ಮಾಡಿದವರು ಯಾರು?" ಅಂದ ಬೂದಿಯರಸ.

"ಈ ಜನ," ಅಂದ ಹಾಲಪ್ಪ.

"ತಪ್ಪು. ಅರಸರು ಅನ್ನು."

"ಇಲ್ಲದ ಮಾತನ್ನು ಹೆಂಗೆ ಹೇಳಲಿ ಸ್ವಾಮಿ? ಇವರು ಆರಿಸಿದ್ದು. ಬೇಕಾದರೆ ಕೇಳಿ."

ಬೂದಿಯರಸ ಜನರ ಕಡೆ ತಿರುಗಿದ. ಜನ ನೆಲ ನೋಡಿದರು. ಅರಸ ನಕ್ಕ. "ಆಗಲಿ. ಈ ಜನ ಮತ್ತೆ ಆರಿಸುವ ತನಕ ಇಲ್ಲೇ ಕಲ್ಲಾಗಿ ನಿಂತಿರು" ಅಂದು ಕೈ ಬೀಸಿದ. ಹಾಲಪ್ಪ ನಿಂತ ಹಾಗೇ ಕಲ್ಲಾದ. ಮಗಳ ಕಡೆಗೆ ಚಾಚಿದ ಕೈಯೂ ಕಲ್ಲಾಯಿತು.

ಅವತ್ತಿನಿಂದ ಆರಿಸುವುದು ಬಂದ್. ಗಡಿಗೆಗಳನ್ನು ಒಡೆಸಿ ಹಾಕಿದ. ಗುಡಿಸಲಿನ ಮಾಡಿನ ಮೇಲೆ ಒಂದು ದೊಡ್ಡ ಗೂಬೆಯನ್ನು ಕೂರಿಸಿ "ಇದು ನಿಮ್ಮೆಲ್ಲರ ಮನಸ್ಸಿನಲ್ಲಿರೋದನ್ನು ಕಂಡು ನನಗೆ ಹೇಳುತ್ತದೆ" ಅಂದ. ಹೊಳೆಗೆ ಒಂದು ಮೊಸಳೆಯನ್ನು ಬಿಟ್ಟ. ಅಪ್ಪಣೆಯಿಲ್ಲದೆ ಹೊಳೆ ದಾಟಿದವರು ಅದರ ಪಾಲು. ಹರಿಗೋಲುಗಳನ್ನೆಲ್ಲ ಹಾಲಪ್ಪನ ಕಲ್ಲಿನ ನಡುವಿಗೇ ಕಟ್ಟಬೇಕು ಅಂತ ಕಟ್ಟಳೆ ಮಾಡಿದ. ಬೇರೆ ಊರುಗಳಲ್ಲೂ ಹೀಗೇ ಎಷ್ಟೋ ಯಜಮಾನರು ಕಲ್ಲಾದರು.

ವರ್ಷ ಉರುಳಿದವು. ಬೊಮ್ಮಕ್ಕ ಬೆಳೆದು ಅಪ್ಪನ ಹುಟ್ಟನ್ನೇ ಹಿಡಿದು ಹರಿಗೋಲು ಹಾಕತೊಡಗಿದಳು. ದಿನಾ ಬೆಳಿಗ್ಗೆ ಮೆಟ್ಟಿಲಿಗೆ ಬಂದು ಅಪ್ಪನ ಮುಖದ ಪಾಚಿ ಉಜ್ಜುವಳು. "ಅಪ್ಪಯ್ಯಾ, ಇವತ್ತು ಗಾಳಿ ಜೋರು" ಅನ್ನುವಳು. ಪ್ರತಿ ಮಳೆಗಾಲಕ್ಕೆ ಹೊಳೆ ಬಂದು ಆ ಕಲ್ಲನ್ನು ಒಂದಿಷ್ಟು ಸವೆಸಿ ಹೋಗುವುದು. ಮೂಗು ಸವೆಯಿತು. ಕಿವಿ ಅರ್ಧ ಹೋಯಿತು. ಬೊಮ್ಮಕ್ಕನ ತಲೆಯಲ್ಲಿ ಬಿಳಿ ಎಳೆ ಕಾಣಿಸಿಕೊಳ್ಳುವ ಹೊತ್ತಿಗೆ ಕಲ್ಲಿನ ಪಾದದಿಂದ ಒಂದು ಬಿರುಕು ಹೊರಟು ಮೊಣಕಾಲಿಗೆ ಬಂದಿತ್ತು. ಬಿರುಕು ಎದೆ ದಾಟಿದರೆ ಕಲ್ಲು ಎರಡಾಗುತ್ತದೆ. ಎರಡಾದ ಕಲ್ಲು ಮತ್ತೆ ಮನುಷ್ಯನಾಗುವುದಿಲ್ಲ. ಅದನ್ನು ಬೊಮ್ಮಕ್ಕನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಒಂದು ದಿನ ಬೂದಿಯರಸ ಬಿದ್ದ. ಹೆಂಗೆ ಬಿದ್ದ? ರಾಜಧಾನಿಯಲ್ಲಿ ಒಲೆಗೆ ಸೌದೆ ಹೊರುವವರು ಒಂದು ಬೆಳಿಗ್ಗೆ ಕೆಲಸಕ್ಕೆ ಹೋಗಲಿಲ್ಲ. ಅವರನ್ನು ಕರೆಯಲು ಹೋದ ಕಾವಲಿನವರು ಅವರ ಜೊತೆ ಅಲ್ಲೇ ಕೂತುಬಿಟ್ಟರು. ಸೌದೆ ಇಲ್ಲದೆ ಒಲೆ ಆರಿತು, ಒಲೆ ಆರಿ ಬೂದಿ ಮುಗಿಯಿತು. ಬೂದಿ ಮುಗಿದ ಮೇಲೆ ಅವನೂ ಒಬ್ಬ ಮುದುಕ. ಸಿಂಹಾಸನದ ಮೇಲೇ ಕುಗ್ಗಿ ಕುಗ್ಗಿ ಒಂದು ಹಿಡಿ ಬೂದಿಯಾದ. ಕಿಟಕಿ ತೆಗೆದಿತ್ತು, ಗಾಳಿ ಹೊತ್ತುಕೊಂಡು ಹೋಯಿತು.

ಡಂಗುರದವನು ತೆಪ್ಪದಹಾಳಿಗೂ ಬಂದ. "ಕೇಳ್ರಪ್ಪೋ ಕೇಳ್ರಿ! ಇನ್ನು ಮೇಲೆ ನಿಮ್ಮ ನಿಮ್ಮ ಊರಿನ ಯಜಮಾನರನ್ನು ನೀವೇ ಆರಿಸಿಕೊಳ್ಳಬೇಕಂತೆ!" ಅಂತ ಸಾರಿದ.

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಕೇಳಿದ: "ಯಾರನ್ನು ಆರಿಸಬೇಕಂತೆ?"

ಡಂಗುರದವನು ತಲೆ ಕೆರೆದುಕೊಂಡ. "ಅದನ್ನು ಹೇಳಿ ಕಳಿಸಿಲ್ಲ ಕಣಪ್ಪಾ."

ಬೊಮ್ಮಕ್ಕ ಮಾತ್ರ ಓಡಿದಳು. ಗಡಿಗೆ ಮಾಡುವ ಸಂಕಜ್ಜಿಯ ಮನೆಗೆ ಓಡಿದಳು. ಹಿಂದೆ ಗುಡಿಸಲಲ್ಲಿ ಗಡಿಗೆ ಕಾಯುತ್ತಿದ್ದವಳು ಅದೇ ಸಂಕಜ್ಜಿ. ಈಗ ಕಣ್ಣು ಮಂಜು, ಬೆನ್ನು ಬಿಲ್ಲು.

"ಅಜ್ಜೀ, ಎರಡು ಗಡಿಗೆ ಬೇಕು. ಒಂದಕ್ಕೆ ಹರಿಗೋಲಿನ ಗುರುತು ಹಾಕು. ನಾನು ನಿಲ್ತೀನಿ."

"ಇನ್ನೊಂದಕ್ಕೆ?"

"ಯಾರಾದರೂ ನಿಲ್ಲಲಿ."

ನಿಂತವನು ಗಾಣದ ಚೌಡಣ್ಣ. ಹಿಂದೆ ಹಾಲಪ್ಪನ ಎದುರು ನಿಂತು ಸೋತವನೂ ಅವನೇ. ಚೌಡಣ್ಣ ಹುಟ್ಟಿದಾಗ ಅಳುವ ಬದಲು ಸೂಲಗಿತ್ತಿಯ ಕೆಲಸದಲ್ಲಿ ತಪ್ಪು ಹುಡುಕಿದನಂತೆ, ಅಂಥ ಬಾಯಿ. ಬೊಮ್ಮಕ್ಕನಿಗೆ ಅವನನ್ನು ಕಂಡರೆ ಆಗದು. ಅಪ್ಪ ಕಲ್ಲಾದ ದಿನ ನೆಲ ನೋಡಿದವರಲ್ಲಿ ಅವನೂ ಒಬ್ಬ. ತಾನು ಗೆದ್ದರೇ ಅಪ್ಪ ಏಳುವುದು ಅಂತ ಅವಳೂ ನಂಬಿದ್ದಳು, ಊರೂ ನಂಬಿತ್ತು.

ಮೊದಲನೆಯ ಸಲ ಆರಿಸುವ ದಿನ ಬಂತು. ಮೇಲಿನ ಸೀಮೆಯಲ್ಲಿ ಮಳೆ ಹಿಡಿದಿತ್ತು. ಹೊಳೆ ನೀರು ಹಾಲಪ್ಪನ ಮೊಣಕಾಲಿಗೆ ಬಂದಿತ್ತು. ಊರಿನವರೆಲ್ಲ ಒಬ್ಬೊಬ್ಬರಾಗಿ ಗುಡಿಸಲೊಳಗೆ ಹೋದರು, ಒಬ್ಬೊಬ್ಬರಾಗಿ ಹೊರಗೆ ಬಂದರು. ಎಲ್ಲರೂ ಬಂದ ಮೇಲೆ ಸಂಕಜ್ಜಿ ಗಡಿಗೆಗಳನ್ನು ಬಿಸಿಲಿಗೆ ತಂದು ಮಗುಚಿದಳು.

ಎರಡೂ ಖಾಲಿ. ಒಂದು ಕಾಳೂ ಇಲ್ಲ.

"ಎಲ್ಲಿ ಹೋದವು?" ಅಂದಳು ಬೊಮ್ಮಕ್ಕ. ಜನ ತಮ್ಮ ಕೈ ನೋಡಿಕೊಂಡರು. ಪ್ರತಿಯೊಬ್ಬರ ಮುಷ್ಟಿಯೂ ಇನ್ನೂ ಬಿಗಿದೇ ಇತ್ತು. ಎಡಗೈಯಿಂದ ಬಲಗೈಯ ಬೆರಳು ಬಿಡಿಸಲು ಹೋದರೂ ಆಗದು.

"ಬಿಚ್ಚೋಕೆ ಹೋದೆ ಕಣವ್ವಾ," ಅಂದ ಒಬ್ಬ. "ಮಾಡಿನ ಮೇಲೆ ಅದು ಕೂತಿದೆಯಲ್ಲ. ನೆನಪಾಯ್ತು. ಬೆರಳು ಕೇಳಲಿಲ್ಲ."

ಎಲ್ಲರೂ ತಲೆ ಎತ್ತಿದರು. ಗೂಬೆ ಅಲ್ಲೇ ಇತ್ತು. ಅರಸ ಹೋದರೂ ಅದು ಹೋಗಿರಲಿಲ್ಲ.

ಬೊಮ್ಮಕ್ಕ ಸೆರಗು ಕಟ್ಟಿ ಏಣಿ ಹಾಕಿ ಮಾಡು ಹತ್ತಿದಳು. ಗೂಬೆ ಅವಳಿಗಿಂತ ಎತ್ತರವಿತ್ತು. ಕಣ್ಣು ಕಂಚಿನ ತಟ್ಟೆಯ ಹಾಗಿದ್ದವು.

"ಯಾರದು?" ಅಂತು ಗೂಬೆ.

"ನಾನು. ನಿನ್ನ ಎದುರಿಗೇ ನಿಂತಿದೀನಲ್ಲ."

"ಹಗಲು ನನಗೆ ಕಣ್ಣು ಕಾಣಿಸಲ್ಲ ಕಣಮ್ಮಾ. ಗೂಬೆಗೆ ಎಲ್ಲಾದರೂ ಹಗಲು ಕಣ್ಣು ಕಾಣುತ್ತಾ?"

ಬೊಮ್ಮಕ್ಕ ಕೇಳಿದಳು: "ಹಾಗಾದರೆ ಇಷ್ಟು ವರ್ಷ ಅರಸನಿಗೆ ಊರಿನ ಸುದ್ದಿ ಹೇಳಿದವರು ಯಾರು?"

"ನೀವೇ," ಅಂತು ಗೂಬೆ. "ಸಂಜೆಯಾದರೆ ಒಬ್ಬೊಬ್ಬರೇ ಬಂದು ಮಾಡಿನ ಕೆಳಗೆ ನಿಂತು, ಪಕ್ಕದ ಮನೆಯವರು ಹಿಂಗಂದರು, ಎದುರು ಮನೆಯವರು ಹಂಗಂದರು ಅಂತ ಹೇಳಿ ಹೋಗುತ್ತಿದ್ದಿರಿ. ತಾವು ಹೇಳದಿದ್ದರೆ ತಮ್ಮ ಮೇಲೆ ಇನ್ನೊಬ್ಬರು ಹೇಳುತ್ತಾರೆ ಅನ್ನೋ ಭಯ. ನಾನು ಬರೀ ಕಿವಿ. ಈಗ ಹೇಳುವವರೂ ಬರಲ್ಲ, ಕೇಳುವವನೂ ಇಲ್ಲ. ಎಲ್ಲಿಗೆ ಹೋಗಬೇಕು ಅಂತ ಯಾರೂ ನನಗೆ ಹೇಳಿಲ್ಲ. ಅದಕ್ಕೇ ಕೂತಿದೀನಿ."

ಅದು ಹೇಳಿದ್ದು ಕೆಳಗೆ ನಿಂತವರಿಗೆಲ್ಲ ಕೇಳಿಸಿತು. ಪಕ್ಕದ ಮನೆಯವನು ಪಕ್ಕದ ಮನೆಯವನನ್ನು ನೋಡಲಿಲ್ಲ. ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅವಳನ್ನು ಕಂಡು ಇನ್ನೊಬ್ಬಳೂ ಅತ್ತಳು. ಬಹಳ ಹೊತ್ತು ಯಾರೂ ಮನೆಗೆ ಹೋಗಲಿಲ್ಲ.

"ಕಾಡಿಗೆ ಹೋಗು," ಅಂದಳು ಬೊಮ್ಮಕ್ಕ. "ನಿನ್ನ ಇಲಿ ನೀನು ಹಿಡಿದುಕೊಂಡು ತಿನ್ನು."

ಗೂಬೆ ರೆಕ್ಕೆ ಕೊಡವಿ, ಹಗಲಲ್ಲಿ ದಾರಿ ಕಾಣದೆ ಮೂರು ಮಾಡಿಗೆ ಡಿಕ್ಕಿ ಹೊಡೆದು, ಹಾರಿ ಹೋಯಿತು. ಜನರ ಬೆರಳುಗಳು ಸಡಿಲಾದವು.

ಎರಡನೆಯ ಸಲ ಆರಿಸುವ ದಿನ ಬಂತು. ಹೊಳೆ ಹಾಲಪ್ಪನ ನಡುವಿಗೆ ಬಂದಿತ್ತು. ಬಿರುಕೂ ನೀರಿನ ಜೊತೆಗೇ ಏರಿ ನಡುವಿಗೆ ಬಂದಿತ್ತು. ಜನ ಗುಡಿಸಲೊಳಗೆ ಹೋದರು, ಬಂದರು. ಈ ಸಲ ಎಲ್ಲರ ಕೈಯೂ ಬಿಚ್ಚಿದ್ದವು. ಸಂಕಜ್ಜಿ ಗಡಿಗೆ ಮಗುಚಿದಳು. ಗಾಣದ ಗಡಿಗೆಯಲ್ಲಿ ಒಂದು ಕಾಳೂ ಇಲ್ಲ. ಅಷ್ಟೂ ಹರಿಗೋಲಿನ ಗಡಿಗೆಯಲ್ಲಿ! ಕೆಂಪಗೆ ರಾಶಿ ಬಿದ್ದವು.

ಬೊಮ್ಮಕ್ಕ ಗೆದ್ದಳು. ಅವಳು ರಾಶಿಯನ್ನು ನೋಡಲೂ ನಿಲ್ಲಲಿಲ್ಲ, "ಅಪ್ಪಯ್ಯಾ!" ಅಂತ ಹೊಳೆಗೆ ಓಡಿದಳು. ನಡುಮಟ್ಟ ನೀರಿಗಿಳಿದು ಕಲ್ಲನ್ನು ತಬ್ಬಿಕೊಂಡಳು. "ಅಪ್ಪಯ್ಯಾ, ಜನ ಆರಿಸಿದರು. ಏಳು."

ಕಲ್ಲು ಕಲ್ಲಾಗಿಯೇ ಇತ್ತು. ಅವಳ ಕೈಯ ಕೆಳಗೇ ಬಿರುಕು ಸಣ್ಣಗೆ ಸದ್ದು ಮಾಡಿ ಒಂದು ಗೇಣು ಮೇಲೇರಿತು.

ಹಿಂದಿನಿಂದ ಚೌಡಣ್ಣ ಬಂದು ಮೆಟ್ಟಿಲ ಮೇಲೆ ಕೂತ. ಅವನ ಮುಖ ಕಪ್ಪಿಟ್ಟಿತ್ತು.

"ಬೊಮ್ಮಕ್ಕಾ, ಒಂದು ಮಾತು ಹೇಳ್ತೀನಿ, ಬೈಯಬೇಡ. ನಾನೂ ನಿನ್ನ ಗಡಿಗೆಗೇ ಹಾಕಿದೆ."

"ನೀನಾ? ನಿನಗೆ ನೀನೇ ಹಾಕಿಕೊಳ್ಳಲಿಲ್ವಾ?"

"ಹೆದರಿಕೆ ಆಯ್ತು. ಅಂಥ ಗೂಬೆಯನ್ನೇ ಓಡಿಸಿದವಳು ನೀನು. ಇನ್ನು ಮುಂದೆ ನಿನ್ನದೇ ನಡೆಯೋದು, ನಿನ್ನ ಎದುರು ಹಾಕಿಕೊಂಡರೆ ಕೆಟ್ಟೆ ಅನ್ನಿಸಿತು. ಮುಷ್ಟಿ ತಾನಾಗಿ ನಿನ್ನ ಗಡಿಗೆಯಲ್ಲಿ ಬಿಚ್ಚಿಕೊಂಡಿತು." ಅವನು ಹಿಂದೆ ನಿಂತವರ ಕಡೆ ಕೈ ತೋರಿಸಿದ. "ಇವರನ್ನೂ ಕೇಳು."

ಬೊಮ್ಮಕ್ಕ ನೀರಲ್ಲಿ ನಿಂತೇ ತಿರುಗಿ ನೋಡಿದಳು. ಊರಿನವರೆಲ್ಲ ನೆಲ ನೋಡುತ್ತಿದ್ದರು. ಅಪ್ಪ ಕಲ್ಲಾದ ದಿನ ನೋಡಿದ ಹಾಗೇ ನೋಡುತ್ತಿದ್ದರು. ಈಗ ಅವರ ಎದುರಿಗೆ ನಿಂತಿದ್ದವಳು ತಾನು. ಹೊಳೆಯ ನೀರು ಎಷ್ಟು ತಣ್ಣಗಿದೆ ಅಂತ ಅವಳಿಗೆ ಆಗ ತಿಳಿಯಿತು.

"ಏನು ಮಾಡಲಿ ಅಜ್ಜೀ?" ಅಂದಳು ಸಂಕಜ್ಜಿಯ ಹತ್ತಿರ ಬಂದು. "ಇವರಿಗೆ ಆರಿಸೋದೇ ಮರೆತುಹೋಗಿದೆ."

ಸಂಕಜ್ಜಿ ಬಹಳ ಹೊತ್ತು ನೆನಪು ಮಾಡಿಕೊಂಡಳು. "ಮೂದಲಿಕೆ ಮಾಡಿಲ್ಲ ನಾವು," ಅಂದಳು. "ನನಗೂ ಮರೆತೇ ಹೋಗಿತ್ತು ನೋಡು. ಗಡಿಗೆ ಇಡೋ ಹಿಂದಿನ ದಿನ ಮೂದಲಿಕೆ ಆಗಬೇಕು. ನಿಂತವರು ಬಯಲಲ್ಲಿ ಮಣೆ ಹಾಕಿಕೊಂಡು ಕೂರಬೇಕು. ಊರಿನವರು ಬಂದು ಏನು ಬೇಕಾದರೂ ಅನ್ನಬಹುದು. ಕೂತವರು ಏಳಬಾರದು, ತಿರುಗಿ ಮಾತಾಡಬಾರದು. ಸೂರ್ಯ ಮುಳುಗುವ ತನಕ ಕೇಳಿಸಿಕೊಳ್ಳಬೇಕು. ನಿಮ್ಮಪ್ಪ ಕೂತಿದ್ದಾಗ ನಾನೇ ಹೋಗಿ 'ನಿನ್ನ ಗೊರಕೆಗೆ ನನ್ನ ಹಸಿ ಗಡಿಗೆ ಬಿರುಕು ಬಿಡ್ತವೆ' ಅಂದಿದ್ದೆ."

ಮಾರನೆಯ ದಿನವೇ ಮೂದಲಿಕೆ ಅಂತ ಗೊತ್ತು ಮಾಡಿದರು. ಆ ಬೆಳಿಗ್ಗೆ ಬೊಮ್ಮಕ್ಕ ಅಪ್ಪನ ಮುಖ ಉಜ್ಜಲು ಹೊಳೆಗೆ ಬಂದಳು. ನೀರು ಎದೆಗೆ ಬಂದಿತ್ತು. ಮೆಟ್ಟಿಲ ಪಕ್ಕದ ಮರಳಿನ ಮೇಲೆ ಮೊಸಳೆ ಮಲಗಿತ್ತು.

"ಬೊಮ್ಮಕ್ಕಾ," ಅಂತು ಮೊಸಳೆ, ಬಹಳ ಮೃದುವಾಗಿ. "ನಾಳೆ ನೀರು ಕುತ್ತಿಗೆಗೆ ಬರುತ್ತದೆ. ನಾಡಿದ್ದು ನಿಮ್ಮಪ್ಪ ಎರಡು ತುಂಡು. ನಿನಗೆ ಇರೋದು ಇನ್ನೊಂದೇ ಸಲ."

"ಗೊತ್ತು."

"ನನ್ನ ನಾಲಿಗೆ ಕೆಳಗೆ ಒಂದು ಚಿಟಿಕೆ ಬೂದಿ ಉಳಿದಿದೆ. ಅರಸರು ಕೊಟ್ಟಿದ್ದು, ಕೊನೆಯದು. ತಗೊಂಡು ಗುಲಗಂಜಿ ಮೇಲೆ ಉದುರಿಸು. ನೀನು ಮನಸ್ಸಿನಲ್ಲಿ ಅಂದುಕೊಂಡ ಹಾಗೇ ಮುಷ್ಟಿಗಳು ಬಿಚ್ಚುತ್ತವೆ. ಎಲ್ಲವೂ ನಿನಗೇ ಬೇಡ, ಅದು ಕಲ್ಲಿಗೆ ಒಪ್ಪಿಗೆಯಾಗಲಿಲ್ಲ. ಅರ್ಧಕ್ಕೆ ಸ್ವಲ್ಪ ಕಡಿಮೆ ಗಾಣದವನಿಗೆ ಹೋಗಲಿ, ಅರ್ಧಕ್ಕೆ ಸ್ವಲ್ಪ ಜಾಸ್ತಿ ನಿನಗೆ ಬರಲಿ. ಜನರಿಗೆ ಹೆದರಿಕೆಯೂ ಇರಲ್ಲ, ತಾವೇ ಆರಿಸಿದೆವು ಅಂದುಕೊಳ್ತಾರೆ. ಯಾರಿಗೆ ನಷ್ಟ?"

"ನಿನಗೆ ಏನು ಲಾಭ?"

"ನನಗೊಬ್ಬರು ಒಡೆಯರು ಬೇಕಮ್ಮ. ಹೇಳುವವರಿಲ್ಲದೆ ಹೊತ್ತೇ ಹೋಗಲ್ಲ."

ಅದು ಬಾಯಿ ತೆರೆಯಿತು. ಬೊಮ್ಮಕ್ಕ ಅಪ್ಪನ ಸವೆದ ಮುಖ ನೋಡಿದಳು. ಮೊಸಳೆಯ ಬಾಯಿಯೊಳಗೆ ಕೈ ಹಾಕಿ ಬೂದಿ ತೆಗೆದಳು, ಎಲೆಯಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೌದು, ತೆಗೆದುಕೊಂಡಳು. ಅಪ್ಪ ಮುಳುಗುತ್ತಿದ್ದರೆ ಯಾರು ತಾನೇ ತೆಗೆದುಕೊಳ್ಳುವುದಿಲ್ಲ?

ಬಯಲಲ್ಲಿ ಎರಡು ಮಣೆ ಹಾಕಿದ್ದರು. ಒಂದರ ಮೇಲೆ ಚೌಡಣ್ಣ, ಒಂದರ ಮೇಲೆ ಬೊಮ್ಮಕ್ಕ. ಜನ ಸುತ್ತ ನಿಂತರು. ಯಾರೂ ಬಾಯಿ ತೆರೆಯಲೊಲ್ಲರು. ಬಿಸಿಲು ಏರಿತು. ಕೊನೆಗೆ ಸಂಕಜ್ಜಿ ಕೋಲೂರಿಕೊಂಡು ಮುಂದೆ ಬಂದಳು.

"ಏ ಬೊಮ್ಮೀ, ಕುಂಬಾರರು ಗಡಿಗೆ ಹೊತ್ತು ಓಡಿ ಬರ್ತಿದ್ದರೆ ಕಂಡೂ ಕಾಣದ ಹಾಗೆ ಹುಟ್ಟು ಹಾಕ್ತೀಯಲ್ಲ, ನಿನ್ನ ಹರಿಗೋಲೇನು ಬೆಣ್ಣೆಯಲ್ಲಿ ಮಾಡಿದ್ದಾ? ಒಂದು ಗಳಿಗೆ ನಿಂತರೆ ಕರಗುತ್ತಾ?"

ಯಾರೋ ಕಿಸಕ್ಕನೆ ನಕ್ಕರು. ನಕ್ಕವಳೇ ಮುಂದೆ ಬಂದಳು. "ಅಜ್ಜಿ ಹೇಳಿದ್ದು ನಿಜ. ದಡಕ್ಕೆ ತಾಗಿಸುವಾಗ ಯಾವತ್ತಾದರೂ ನನ್ನ ಸೀರೆ ನೆನೆಸದೆ ಇಳಿಸಿದೀಯೇನೇ?"

"ಚೌಡಣ್ಣನ ಕತೆ ಹೇಳ್ರೀ!" ಅಂತ ಒಬ್ಬ ಕೂಗಿದ. "ನಿನ್ನ ಬಾನಿಯಲ್ಲಿ ಎಣ್ಣೆಗಿಂತ ನಿನ್ನ ಎತ್ತಿನ ಕಣ್ಣೀರೇ ಜಾಸ್ತಿ ಕಣಯ್ಯಾ!"

"ಎಳ್ಳು ತಂದವರಿಗೆ ಹಿಂಡಿ ಕೊಡೋವಾಗ ನಿನ್ನ ಕೈ ಯಾಕೆ ನಡುಗುತ್ತೆ ಮಾವ, ಚಳಿಗಾ?"

"ಆದರೆ ಒಂದು ಹೇಳ್ತೀನಿ. ಯಾವ ಮನೆ ಜಗಳ ಆದರೂ ಕರೆಯದೆ ಬರೋನು ಇವನೇ. ತಪ್ಪು ಯಾರದ್ದು ಅಂತ ಮುಖದ ಮೇಲೇ ಹೇಳೋನೂ ಇವನೇ."

"ಹೊಗಳೋಕೆ ಇವತ್ತಲ್ಲ ಕಣೋ, ಇವತ್ತು ಬೈಯೋ ದಿನ!"

ಮಾತಿನ ಕಟ್ಟೆ ಒಡೆಯಿತು. ಎಷ್ಟೋ ವರ್ಷದಿಂದ ನುಂಗಿಕೊಂಡದ್ದೆಲ್ಲ ಹೊರಗೆ ಬಂತು. ಚೌಡಣ್ಣನಂಥ ಚೌಡಣ್ಣ ಹಲ್ಲು ಕಚ್ಚಿ ಸುಮ್ಮನೆ ಕೂತಿದ್ದ. ಅದನ್ನು ನೋಡಲೆಂದೇ ಹಾಸಿಗೆ ಹಿಡಿದವರೂ ಎದ್ದು ಬಂದರು. ಬೊಮ್ಮಕ್ಕ ತಲೆ ತಗ್ಗಿಸಿ ಕೇಳುತ್ತಿದ್ದಳು. ಸೊಂಟದಲ್ಲಿ ಬೂದಿಯ ಪೊಟ್ಟಣ ಕೆಂಡದ ಹಾಗೆ ಸುಡುತ್ತಿತ್ತು.

ಹೊತ್ತು ಇಳಿಯುವಾಗ ಕಾಳವ್ವ ಬಂದಳು. ಮೀನು ಮಾರುವವಳು, ಯಾರೊಂದಿಗೂ ಹೆಚ್ಚು ಮಾತಾಡುವವಳಲ್ಲ.

"ನಿಮ್ಮಪ್ಪ ಕಲ್ಲಾದ," ಅಂದಳು. "ಕಲ್ಲಾದರೂ ಕಣ್ಣಿಗೆ ಕಾಣ್ತಾನೆ. ದಿನಾ ಮುಖ ತೊಳೀತೀಯ. ನನ್ನ ಗಂಡ ಕೂಸಿಗೆ ಔಷಧಿ ತರ್ತೀನಿ ಅಂತ ಅಪ್ಪಣೆ ಕೇಳದೆ ಹೊಳೆಗಿಳಿದ. ಮೊಸಳೆ ತಿಂತು. ತೊಳೆಯೋಕೆ ಒಂದು ಕಲ್ಲೂ ಇಲ್ಲ ನನಗೆ. ನಿನ್ನ ದುಃಖಕ್ಕೆ ಊರೆಲ್ಲ ಗುಲಗಂಜಿ ಹಾಕಬೇಕು. ನನ್ನ ದುಃಖಕ್ಕೆ ಯಾವ ಗಡಿಗೆ, ಬೊಮ್ಮಕ್ಕಾ?"

ಕೂತವರು ಉತ್ತರ ಕೊಡಬಾರದು. ಬೊಮ್ಮಕ್ಕ ಸೂರ್ಯ ಮುಳುಗುವ ತನಕ ಅಲುಗಾಡದೆ ಕೂತಳು. ಆಮೇಲೆ ಎದ್ದು, ಇನ್ನೂ ಬೆಳಕಿದ್ದಾಗಲೇ, ನೆಟ್ಟಗೆ ಹೊಳೆಗೆ ಹೋದಳು.

ಮೊಸಳೆ ಕಾಯುತ್ತಿತ್ತು. "ಗುಲಗಂಜಿಗೆ ಹಾಕಿದೆಯಾ?"

"ಇಲ್ಲ," ಅಂದಳು ಬೊಮ್ಮಕ್ಕ. "ನಿನ್ನ ಬೂದಿಯಿಂದ ಅಪ್ಪ ಎದ್ದ ಅನ್ನು. ಕಣ್ಣು ಬಿಟ್ಟು 'ನಿನ್ನನ್ನು ಆರಿಸಿದವರು ಯಾರೇ' ಅಂತ ಕೇಳ್ತಾನೆ. ನಾನು ಏನು ಹೇಳಲಿ? ಮೊಸಳೆ ಅನ್ನಲಾ?"

"ಹುಚ್ಚಿ! ಅವನು ಸಾಯ್ತಾನೆ!"

"ಸಾಯಬಹುದು," ಅಂದಳು. ಎಲೆ ಬಿಚ್ಚಿ ಆ ಬೂದಿಯನ್ನು ಮೊಸಳೆಯ ತಲೆಯ ಮೇಲೇ ಎರಚಿದಳು.

ಮೊಸಳೆಯ ಕಣ್ಣು ಮಂಕಾದವು. "ಅಮ್ಮಾವ್ರು ಹೇಳಿದ ಹಾಗೆ," ಅಂತು.

"ನೀನು ತಿಂದವರನ್ನೆಲ್ಲ ತಿರುಗಿ ಕೊಡು."

ಮೊಸಳೆ ಬಾಯಿ ತೆರೆದು ನೋಡಿತು, ಮುಚ್ಚಿತು, ಮತ್ತೆ ತೆರೆಯಿತು. "ಅದು ಆಗಲ್ಲ ಅಮ್ಮಾವ್ರೇ. ಮಾಯೆಗೂ ಆಗಲ್ಲ."

"ಹಾಗಾದರೆ ಈ ಹೊಳೆ ಮುಗಿಯುವ ಕಡೆಗೆ ಹೋಗು. ಹಿಂದೆ ತಿರುಗಿ ನೋಡಬೇಡ. ದಾರಿಯಲ್ಲಿ ಯಾರನ್ನೂ ಮುಟ್ಟಬೇಡ."

ಮೊಸಳೆ ನೀರಿಗಿಳಿದು ತೇಲಿ ಹೋಯಿತು. ಬೊಮ್ಮಕ್ಕ ಕಾಳವ್ವನ ಮನೆ ಬಾಗಿಲಿಗೆ ಹೋಗಿ, ಬೂದಿಯನ್ನು ಮುಟ್ಟಿದ್ದನ್ನೂ ಎರಚಿದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದಳು. "ಹೋಯ್ತಾ ಅದು?" ಅಂದಳು ಕಾಳವ್ವ. "ಹೋಯ್ತು." ಕಾಳವ್ವ ಹೊಸ್ತಿಲ ಮೇಲೆ ಕೂತಳು. ಗಂಡ ಹೋದ ದಿನ ಹೆದರಿಕೆಗೆ ಅಳದೆ ಉಳಿದಿದ್ದ ಅಳುವನ್ನು ಅವತ್ತು ಅತ್ತಳು. ಬೊಮ್ಮಕ್ಕ ಪಕ್ಕದಲ್ಲಿ ಕೂತಿದ್ದಳು.

ಮೂರನೆಯ ಸಲ ಆರಿಸುವ ದಿನ ಬಂತು. ನೀರು ಹಾಲಪ್ಪನ ಕುತ್ತಿಗೆಗೆ ಬಂದಿತ್ತು. ಬಿರುಕು ಎದೆಗೆ ತಾಗಿತ್ತು. ಅವತ್ತು ಜನ ಗುಡಿಸಲ ಮುಂದೆ ಸುಮ್ಮನೆ ನಿಂತಿರಲಿಲ್ಲ. "ನಾನು ಮೊದಲು ಬಂದಿದ್ದು", "ನಿನ್ನ ಕಾಲು ಸರಿಸು", "ಒಳಗೆ ಹೋಗಿ ನಿದ್ದೆ ಮಾಡ್ತಿದಾನಾ ಅವನು?" ಅಂತ ಗಲಾಟೆಯೋ ಗಲಾಟೆ. ಒಳಗೆ ಹೋದ ಒಬ್ಬೊಬ್ಬರೂ ಹೊತ್ತು ತೆಗೆದುಕೊಂಡರು. ಯೋಚನೆ ಮಾಡುವುದಕ್ಕೆ ಹೊತ್ತು ಬೇಕಲ್ಲ, ಅಭ್ಯಾಸ ತಪ್ಪಿತ್ತು. ಬೊಮ್ಮಕ್ಕನೂ ಹೋದಳು. ಅವಳ ಮುಷ್ಟಿ ಯಾವ ಗಡಿಗೆಯಲ್ಲಿ ಬಿಚ್ಚಿತು ಅಂತ ಮಾತ್ರ ಕೇಳಬೇಡಿ. ಅದನ್ನು ಯಾರೂ ಯಾರನ್ನೂ ಕೇಳಬಾರದು.

ಸಂಕಜ್ಜಿ ಗಡಿಗೆ ಮಗುಚಿದಳು. ಎರಡು ಕೆಂಪು ರಾಶಿ. ಜನ ಬಗ್ಗಿ ನೋಡಿದರು. ಎಣಿಸಿದರು, ಮತ್ತೆ ಎಣಿಸಿದರು. ಗಾಣದ ರಾಶಿಯಲ್ಲಿ ಒಂದು ಹಿಡಿ ಹೆಚ್ಚಿತ್ತು.

ಚೌಡಣ್ಣ ಗೆದ್ದ.

ಎಲ್ಲರೂ ಬೊಮ್ಮಕ್ಕನ ಮುಖವನ್ನೇ ನೋಡಿದರು. ಈ ಸಲ ನೆಲ ನೋಡಲಿಲ್ಲ. ತನ್ನವರೇ ತನ್ನನ್ನು ಬೇಡ ಅಂದರು, ಅಪ್ಪನೂ ಹೋದ, ಎರಡೂ ಒಂದೇ ದಿನ ಹೋದವು ಅಂದುಕೊಂಡಳು. ಆದರೂ ಚೌಡಣ್ಣನ ಮುಂದೆ ಹೋಗಿ ನಿಂತು, "ಯಜಮಾನರೇ," ಅಂದಳು. ಹಲ್ಲು ಕಚ್ಚಿಕೊಂಡೇ ಅಂದಳು. ಅಂದಳಲ್ಲ, ಅದು ಮುಖ್ಯ.

ಆಗ ಹೊಳೆಯ ಕಡೆಯಿಂದ ಯಾರೋ ಕೆಮ್ಮಿದ ಸದ್ದು ಕೇಳಿಸಿತು. ನೀರು ಕುಡಿದವರು ಕೆಮ್ಮುವ ಹಾಗೆ, ದೊಡ್ಡ ಕೆಮ್ಮು.

ಬೊಮ್ಮಕ್ಕ ಹೇಗೆ ಓಡಿದಳೋ ಅವಳಿಗೇ ಗೊತ್ತಿಲ್ಲ. ಚೌಡಣ್ಣ ಅವಳಿಗಿಂತ ಮುಂದೆ ಓಡಿ ಉಟ್ಟ ಬಟ್ಟೆಯಲ್ಲೇ ನೀರಿಗೆ ಹಾರಿದ. ಇಬ್ಬರೂ ಎರಡು ತೋಳು ಹಿಡಿದು ಎಳೆದರು. ಮೆಟ್ಟಿಲ ಮೇಲೆ ಹಾಲಪ್ಪ ಕೂತ. ಮೂಗು ಸವೆದು ಗುಂಡಗಾಗಿತ್ತು, ಕಿವಿ ಅರ್ಧ ಇರಲಿಲ್ಲ, ಎದೆಯ ಮೇಲೆ ಉದ್ದಕ್ಕೂ ಒಂದು ಗಾಯದ ಗೆರೆ. ಅವು ಕೊನೆತನಕ ಹಾಗೇ ಉಳಿದವು. ಆದರೆ ಕಣ್ಣು ಅಪ್ಪನ ಕಣ್ಣೇ. ಅವು ಹುಡುಕುತ್ತಿದ್ದವು. ಲಂಗ ಉಟ್ಟ ಹುಡುಗಿಯನ್ನು ಹುಡುಕುತ್ತಿದ್ದವು. ಬಿಳಿ ಎಳೆಯ ಹೆಂಗಸಿನ ಮೇಲೆ ಬಂದು ನಿಂತವು.

"ಬೊಮ್ಮೀ?"

"ಹೂಂ ಅಪ್ಪಯ್ಯಾ."

ಅವನು ಅವಳ ತಲೆ ಮುಟ್ಟಿದ. ಆ ಕೂದಲಲ್ಲಿ ಎಷ್ಟು ವರ್ಷ ಹೋಗಿದೆ ಅಂತ ಬೆರಳಲ್ಲೇ ತಿಳಿದುಕೊಂಡ. ಆಮೇಲೆ ಕೇಳಿದ: "ಆರಿಸಿದರಾ?"

"ಆರಿಸಿದರು."

"ಯಾರು ಗೆದ್ದರು?"

"ಗಾಣದ ಚೌಡಣ್ಣ."

"ಅಯ್ಯೋ ಶಿವನೇ! ಇವನಾ?" ಅಂದ ಹಾಲಪ್ಪ. ಪಕ್ಕದಲ್ಲಿ ನೀರು ತೊಟ್ಟಿಕ್ಕಿಸುತ್ತ ನಿಂತಿದ್ದ ಚೌಡಣ್ಣನನ್ನು ಮೇಲಿಂದ ಕೆಳಗೆ ನೋಡಿದ. "ಅವನ ಎದುರು ಯಾರು ನಿಂತಿದ್ದರು?"

"ನಾನು."

"ಸೋತೆಯಾ?"

"ಸೋತೆ ಅಪ್ಪಯ್ಯಾ. ಮೂದಲಿಕೆಯಲ್ಲಿ ಚೆನ್ನಾಗಿ ಬೈದರು. ಆಮೇಲೆ ಸೋಲಿಸಿದರು."

ಹಾಲಪ್ಪ ಮೆಟ್ಟಿಲ ತುಂಬ ನಿಂತ ಜನರನ್ನು ನೋಡಿದ. ಜನ ಅವನನ್ನು ನೋಡಿದರು. ಅವನ ಸವೆದ ಕೆನ್ನೆ ಮೇಲೆ ಕಣ್ಣೀರು ಇಳಿಯಿತು. "ನಿನ್ನ ಎದುರಿಗೇ ಬೈದರಾ?" ಅಂದ. "ನೀನು ಸೋತರೆ ನಾನು ಏಳಲ್ಲವೇನೋ ಅಂತ ಹೆದರಿಕೆ ಇದ್ದರೂ, ಬೇಕಾದವನಿಗೇ ಹಾಕಿದರಾ?"

"ಹಾಕಿದರು."

"ಹಾಗಾದರೆ ಸರಿ," ಅಂದ ಹಾಲಪ್ಪ. ಕೈ ಜೋಡಿಸಿ ಜನರಿಗೆ ಮುಗಿದ.

ಆಮೇಲೆ ಆ ರಾಜ್ಯದ ಊರು ಊರಲ್ಲೂ ಗಡಿಗೆ ಇಟ್ಟರು, ಊರು ಊರಲ್ಲೂ ಕಲ್ಲಾದವರು ಎದ್ದರು. ತೆಪ್ಪದಹಾಳಿನಲ್ಲಿ ಹರಿಗೋಲು ಕಟ್ಟಲು ಕಲ್ಲಿಲ್ಲದೆ ಹೋಯಿತು. ಹೊಸ ಕಂಬ ಎಲ್ಲಿ ನೆಡಬೇಕು ಅಂತ ಯಜಮಾನ ಚೌಡಣ್ಣ ಊರನ್ನು ಕೇಳಿದ, ಊರು ಒಂದು ತಿಂಗಳು ಜಗಳವಾಡಿತು. ಬೊಮ್ಮಕ್ಕ ಕುಂಬಾರರಿಗಾಗಿ ಒಂದು ಗಳಿಗೆ ಕಾಯುವುದನ್ನು ಕಲಿತಳು, ಸೀರೆ ನೆನೆಸುವುದನ್ನು ಮಾತ್ರ ಬಿಡಲಿಲ್ಲ. ಹಾಲಪ್ಪ ಕಟ್ಟೆ ಮೇಲೆ ಕೂತು ಎಲ್ಲರ ಕೆಲಸದಲ್ಲೂ ಕೊಂಕು ತೆಗೆದ. ಉಂಡರು, ದುಡಿದರು, ಬೈದಾಡಿದರು, ರಾತ್ರಿ ಬಾಗಿಲು ತೆರೆದಿಟ್ಟು ಮಲಗಿದರು. ಅವರ ಕಾಲಕ್ಕೆ ಅವರು ಸುಖವಾಗಿದ್ದರು, ಅವರ ಮಕ್ಕಳ ಕಾಲಕ್ಕೆ ಮಕ್ಕಳೂ ಸುಖವಾಗಿದ್ದರು. ಹೊಳೆ ಅವರ ಪಾಡಿಗೆ ಅವರನ್ನು ಬಿಟ್ಟು ತನ್ನ ಪಾಡಿಗೆ ತಾನು ಹರಿಯಿತು.